ಅಣ್ಣ ಕುಡಿಯುತ್ತಿರಲಿಲ್ಲ

ಪ್ರಯೋಗಾಲಯದಿಂದ,
ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಅಪ್ಪನಿಗೆ,

ಹೇಗಿದ್ದೀರಿ? ಮೊಣಕಾಲಿನ ನೋವು ಹೇಗಿದೆ? ಬಿ.ಪಿ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀರಾ, ಇಲ್ಲ 'ಅದೆಲ್ಲ ಮುದುಕರಿಗೆ' ಎಂದು ಕಿಟಕಿಯಲ್ಲಿಟ್ಟಿದ್ದೀರಾ? ಅಮ್ಮ ಚೆನ್ನಾಗಿದ್ದಾಳೆ. ಚೆನ್ನಾಗಿದ್ದಾಳೆ ಎಂದರೆ ಉಣ್ಣುತ್ತಾಳೆ, ಮಲಗುತ್ತಾಳೆ, ಬಟ್ಟೆ ಒಣಹಾಕುವ ಹಗ್ಗದ ವಿಚಾರಕ್ಕೆ ಪಕ್ಕದ ಮನೆಯವಳ ಜೊತೆ ಜಗಳವಾಡುತ್ತಾಳೆ. ಫೋನ್ ಮಾಡಬಹುದಿತ್ತು. ಆದರೆ ನೀವು ಮಾತಾಡುವುದು ಅಮ್ಮನ ಹತ್ತಿರ ಮಾತ್ರ, ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀರಿ. ಪತ್ರವಾದರೆ ಹರಿಯುವ ಮೊದಲು ನಾಲ್ಕು ಸಾಲಾದರೂ ಓದುತ್ತೀರೆಂಬ ಆಸೆ. ಅದಕ್ಕೇ ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅಣ್ಣ ಕುಡಿಯುತ್ತಿರಲಿಲ್ಲ.

ವರದಿ ನಿನ್ನೆ ಬಂತು. ಅವನು ಹೋದ ದಿನ, ಆಸ್ಪತ್ರೆಯ ಮೊಗಸಾಲೆಯಲ್ಲಿ, ಅವನ ಮಿದುಳನ್ನು ನಮ್ಮ ಪ್ರಯೋಗಾಲಯಕ್ಕೆ ಕೊಡೋಣ ಎಂದು ನಾನು ಕೇಳಿದಾಗ ನೀವು ಅಂದದ್ದು ನನಗೆ ಅಕ್ಷರಶಃ ನೆನಪಿದೆ. 'ಸತ್ತೋನನ್ನೂ ಬಿಡಲ್ವೇನೇ ನೀನು? ನಿನ್ನ ಓದಿಗೆ ನನ್ನ ಮಗನ ತಲೇನೇ ಬೇಕಾಯ್ತಾ?' ಅಮ್ಮ ಸಹಿ ಹಾಕಿದಳು. ಅದೇ ವಾರ ನೀವು ಗಂಟುಮೂಟೆ ಕಟ್ಟಿ ನಿಮ್ಮ ಬಾಕ್ಸಿಂಗ್ ಕ್ಲಬ್ಬಿನ ಮೇಲಿನ ಕೋಣೆ ಸೇರಿದಿರಿ. ಒಂದು ವಿಷಯ ನಿಮಗೆ ಗೊತ್ತಿರಲಿ, ಅವನ ಮಿದುಳಿಗೆ ನಾನು ಕೈ ಹಚ್ಚಲಿಲ್ಲ. 'ಇದರ ಹತ್ರ ಸುಳೀಬೇಡ' ಎಂದು ನಮ್ಮ ವಿಭಾಗದ ಹಿರಿಯ ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದ್ದರು. ಹೆಸರು ತೆಗೆದು ಸಂಖ್ಯೆ ಅಂಟಿಸಿದರು. ವಾರಗಟ್ಟಲೆ ದ್ರಾವಣದಲ್ಲಿಟ್ಟು ಗಟ್ಟಿ ಮಾಡಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ, ಯಾರದೆಂದು ಗೊತ್ತಿಲ್ಲದವರು ನೋಡಿದರು. ನಾನು ಗೋಡೆಯಾಚೆಯ ಕೋಣೆಯಲ್ಲಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಇಲಿಯ ನರಕೋಶಗಳನ್ನು ಹಿಡಿದು ಎಳೆದು ಗಾಯ ಮಾಡಿ, ಅವು ಹೇಗೆ ಸಾಯುತ್ತವೆಂದು ನೋಡುತ್ತ ಕೂತಿದ್ದೆ. ನನಗೆ ಸಂಬಳ ಬರುವುದೇ ಅದಕ್ಕೆ. ನಿನ್ನೆ ಡಾಕ್ಟರಮ್ಮ ನನ್ನನ್ನು ಕರೆದು ಸೂಕ್ಷ್ಮದರ್ಶಕದ ಮುಂದಿನ ಕುರ್ಚಿ ಬಿಟ್ಟುಕೊಟ್ಟರು. ಅವನ ವಯಸ್ಸಿನವರ ಮಿದುಳಿನಲ್ಲಿ ಆ ಬಣ್ಣ ಹಿಡಿಯುವುದು ಅಪರೂಪ. ಅಣ್ಣನದರಲ್ಲಿ ಮಡಿಕೆಗಳ ತಳದುದ್ದಕ್ಕೂ, ಸಣ್ಣ ಸಣ್ಣ ರಕ್ತನಾಳಗಳ ಸುತ್ತ, ಕಂದು ಕಲೆಗಳು. ನೀರು ಕುಡಿದ ಗೋಡೆಯ ಬುಡಕ್ಕೆ ಬೂಷ್ಟು ಹತ್ತಿದ ಹಾಗೆ.

ನಿಮಗೆ ಇದು ತಿಳಿಯಬೇಕು. ಪೆಟ್ಟು ಬಿದ್ದಾಗ ತಲೆ ನಿಂತರೂ ಒಳಗಿನ ಮಿದುಳು ನಿಲ್ಲುವುದಿಲ್ಲ. ಪಾತ್ರೆಯನ್ನು ತಟ್ಟನೆ ತಿರುಗಿಸಿದರೆ ಹೆಪ್ಪುಗಟ್ಟಿದ ಮೊಸರು ಒಡೆಯುತ್ತದಲ್ಲ, ಹಾಗೆ. ನರಕೋಶದ ಉದ್ದನೆಯ ಎಳೆಗಳು ಜಗ್ಗುತ್ತವೆ, ಆ ಎಳೆಗಳನ್ನು ನೆಟ್ಟಗೆ ಹಿಡಿದಿಡುವ ಒಂದು ಪ್ರೋಟೀನ್ ಕಳಚಿಕೊಂಡು ಗಂಟುಗಟ್ಟುತ್ತದೆ. ಆ ಗಂಟು ಪಕ್ಕದ ಕೋಶಕ್ಕೂ ಹಬ್ಬುತ್ತದೆ. ನಾನು ನೋಡಿದ ಕಂದು ಕಲೆಗಳು ಅವೇ. ನೆಲಕ್ಕೆ ಉರುಳಿಸುವ ಪೆಟ್ಟೇ ಬೇಕಿಲ್ಲ. ತಲೆಗೆ ಕವಚ ಕಟ್ಟಿಕೊಂಡು ದಿನಾ ಬೆಳಿಗ್ಗೆ ತಿನ್ನುವ 'ಅಭ್ಯಾಸದ' ಪೆಟ್ಟುಗಳೇ ವರ್ಷಗಟ್ಟಲೆ ಸೇರಿದರೆ ಸಾಕು. ಅವನಿಗಿನ್ನೂ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ, ನೀವು ರಿಂಗಿಗೆ ಇಳಿಸಿದಿರಿ. ಬಂಡೆ ಎಂದು ಹೆಸರಿಟ್ಟಿರಿ. ಬಂದುಹೋಗುವವರಿಗೆಲ್ಲ 'ನಮ್ಮ ಬಂಡೆ ಎಷ್ಟು ತಿಂದ್ರೂ ಬೀಳಲ್ಲ' ಎಂದು ಹೇಳಿಕೊಂಡು ತಿರುಗಿದಿರಿ. ಬೀಳದವನೇ ಹೆಚ್ಚು ತಿನ್ನುತ್ತಾನೆ, ಅಪ್ಪ. ಬಿದ್ದವನಿಗೆ ಕೊನೆಗೆ ಮನೆಗೆ ಹೋಗುವ ದಾರಿಯಾದರೂ ಇರುತ್ತದೆ.

ಆಮೇಲಿನದೆಲ್ಲ ನೀವೂ ನೋಡಿದ್ದೀರಿ, ನೋಡಿಯೂ ಬೇರೆ ಹೆಸರಿಟ್ಟಿರಿ. ಸೊಪ್ಪು ತಂದಿಟ್ಟು ಮತ್ತೆ ಸೊಪ್ಪು ತರಲು ಹೊರಟರೆ ಸೋಮಾರಿಗೆ ಅಂಗಡಿ ಬೀದಿಯ ಚಟ ಎಂದಿರಿ. ತಟ್ಟೆ ಎತ್ತಿ ಗೋಡೆಗೆ ಎಸೆದು, ಮರುಕ್ಷಣವೇ ಚೂರುಗಳನ್ನು ಆಯುತ್ತ ಅತ್ತರೆ ಸೋತವನ ಸಿಟ್ಟು ಎಂದಿರಿ. ನಾಲಿಗೆ ತೊದಲಿ, ಕಾಲು ತಡವರಿಸತೊಡಗಿದಾಗ ಅವನು ಕುಡುಕನಾದ. 'ಅಣ್ಣನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗೋಣಪ್ಪ' ಎಂದು ನಾನು ಎಷ್ಟು ಸಲ ಕೇಳಿದೆ. 'ಓದಿದ್ದನ್ನ ಓದಿದೋರ ಹತ್ರ ಆಡು' ಎಂದಿರಿ. ಕೊನೆಗೊಂದು ದಿನ ಕ್ಲಬ್ಬಿನ ಬಾಗಿಲಲ್ಲಿ, ಅಷ್ಟೂ ಶಿಷ್ಯರೆದುರು, 'ಕುಡ್ಕೊಂಡು ನನ್ನ ಹೊಸ್ತಿಲು ತುಳೀಬೇಡ' ಎಂದು ಅವನ ಕೆನ್ನೆಗೆ ಬಾರಿಸಿದಿರಿ. ಅದೂ ತಲೆಗೇ. ಅವನು ಮನೆಗೆ ಬಂದು, ಅಷ್ಟು ದೊಡ್ಡ ಆಳು, ಅಮ್ಮನೆದುರು ಮಂಡಿಯೂರಿ ಕೂತು ಬಾಯಿ ತೆರೆದ. 'ಮೂಸಿ ನೋಡಮ್ಮ, ಕುಡ್ದಿಲ್ಲ ನಾನು' ಎಂದ. ಅಮ್ಮ ಮೂಸಿ ನೋಡಿದಳು. ಅವಳು ಮೂಸಿ ನೋಡಿದ್ದನ್ನು ನಾನು ಈವರೆಗೆ ಕ್ಷಮಿಸಿಲ್ಲ. ಆದರೆ ಅವಳು ಅವನ ಮಾತು ನಂಬಿದಳು. ನೀವು ನಂಬಲಿಲ್ಲ.

ಕೊನೆಯ ದಿನ ಅವನು, ಶಾಲೆಗೆ ಹೋಗುವಾಗಿನಿಂದ ದಾಟಿದ ಅದೇ ಚೌಕದ ನಡುವೆ, ಎತ್ತ ಹೋಗಬೇಕೆಂದು ತಿಳಿಯದೆ ನಿಂತಿದ್ದನಂತೆ. ಹಾರನ್ ಹೊಡೆದರೂ ಕದಲಲಿಲ್ಲ ಎಂದು ಲಾರಿಯವನು ಅಳುತ್ತ ಹೇಳಿದ. ರಕ್ತದಲ್ಲಿ ಮದ್ಯವಿರಲಿಲ್ಲ ಎಂದು ಆಸ್ಪತ್ರೆಯವರು ಆವತ್ತೇ ಬರೆದುಕೊಟ್ಟಿದ್ದರು. ನೀವು ಅದನ್ನು ಓದಲೂ ಇಲ್ಲ, 'ಕುಡ್ದ ಮತ್ತಲ್ಲಿದ್ದ' ಎಂದು ಬಂದವರಿಗೆಲ್ಲ ಹೇಳಿದಿರಿ. ಈಗ ನಮ್ಮ ಡಾಕ್ಟರಮ್ಮ, ತಕ್ಕಡಿ ಹಿಡಿದು ಮಾತಾಡುವ ಹೆಂಗಸು, 'ಇದರಿಂದಲೇ ಅವನು ರಸ್ತೆ ನಡುವೆ ನಿಂತ ಅಂತ ನಾನು ಬರ್ಕೊಡಲ್ಲ' ಎನ್ನುತ್ತಾರೆ. ಸರಿಯೇ. ವಿಜ್ಞಾನ ಅಷ್ಟೇ ಹೇಳಬಲ್ಲದು. ಉಳಿದದ್ದನ್ನು ನಾನು ಹೇಳುತ್ತಿದ್ದೇನೆ, ನಿಮ್ಮ ಮಗಳಾಗಿ. ನನ್ನ ತಟ್ಟೆಯ ಕೋಶಗಳನ್ನು ಉಳಿಸುವ ಮದ್ದು ಇಂದಲ್ಲ ನಾಳೆ ಸಿಗಬಹುದು, ಅದಕ್ಕೆ ಚಪ್ಪಾಳೆಯೂ ಬೀಳಬಹುದು. ಆ ಚಪ್ಪಾಳೆ ಕಟ್ಟಿಕೊಂಡು ನನಗೇನಾಗಬೇಕಿದೆ?

ನಿಮ್ಮಿಂದ ಬೇಕಾದದ್ದು ಒಂದೇ. ಅದೇ ಬಾಗಿಲಲ್ಲಿ, ಅದೇ ಶಿಷ್ಯರೆದುರು, 'ನನ್ನ ಮಗ ಕುಡುಕನಲ್ಲ, ಕಾಯಿಲೆಯವನು' ಎಂದು ನಿಮ್ಮ ಬಾಯಿಂದಲೇ ಹೇಳಿ. ನನಗೆ ಹೇಳಬೇಡಿ, ಅಮ್ಮನಿಗೂ ಬೇಡ. ಹೇಳಲಾಗದಿದ್ದರೆ ಈ ಮನೆಗೆ ಫೋನ್ ಮಾಡುವುದನ್ನೂ ನಿಲ್ಲಿಸಿ.

ಗೋಡೆಯ ಬದಿ ಮಲಗಬೇಡಿ, ತಂಡಿ ಹತ್ತುತ್ತದೆ ಎಂದು ಅಮ್ಮ ಬರೆಯಲು ಹೇಳಿದ್ದಾಳೆ. ಬರೆದಿದ್ದೇನೆ.

ನಿಮ್ಮ ಮಗಳು,
ಗುಬ್ಬಿ

ಮರೆತ ಮಾತಲ್ಲ, ಈಗ ತಿಳಿದ ಮಾತು: ಅಮ್ಮನ ಕೈಯಲ್ಲೂ ಒಂದು ಸಾಲು ಬರೆಸೋಣವೆಂದು ಪತ್ರವನ್ನು ಮನೆಗೆ ತಂದೆ. ಓದಿ ಮುಗಿಸಿದವಳು ಪೆನ್ನು ಮುಟ್ಟಲಿಲ್ಲ. ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದನ್ನು ಹೇಳಿದಳು. ನೀವು ಫೋನ್ ಮಾಡಿದಾಗಲೆಲ್ಲ 'ಬಂಡೆ ಎದ್ನಾ? ಹೊತ್ತಾಯ್ತು, ಕ್ಲಬ್ಬಿಗೆ ಕಳ್ಸು' ಎನ್ನುತ್ತೀರಂತೆ. ಅವಳು 'ಕಳಿಸ್ತೀನಿ' ಎನ್ನುತ್ತಾಳಂತೆ. ಅಪ್ಪ, ಅವನಿಗಿಂತ ಮೊದಲು ರಿಂಗಿನಲ್ಲಿ ನಿಂತು ಅಷ್ಟೇ ಪೆಟ್ಟು ತಿಂದವರು ನೀವು. ಅದೇ ಕಾಯಿಲೆ ಇರಬಹುದು, ವಯಸ್ಸಿನ ಮರೆವೂ ಇರಬಹುದು, ನೋಡದೆ ನಾನು ಏನೂ ಹೇಳಲಾರೆ. ಬೆಳಗಿನ ಬಸ್ಸಿಗೆ ಇಬ್ಬರೂ ನಿಮ್ಮಲ್ಲಿಗೆ ಹೊರಟಿದ್ದೇವೆ. ಇದನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ತರುತ್ತೇನೆ. ಬಾಗಿಲು ತೆರೆದು ನನ್ನ ಮೇಲೆ ರೇಗಿದರೆ ಕೊಡುತ್ತೇನೆ. ನನ್ನ ಹಿಂದೆ ಇಣುಕಿ 'ಎಲ್ಲಿ ಬಂಡೆ' ಎಂದು ಕೇಳಿದರೆ ಚೀಲದಿಂದ ಹೊರಗೆ ತೆಗೆಯುವುದಿಲ್ಲ.