ನಾಕೈದು ಕುರಿ

ಯಪ್ಪಾ,

ನಿನಗೆ ಓದಲು ಬರುತ್ತಿರಲಿಲ್ಲ. ಸತ್ತ ಮೇಲೆ ಅಕ್ಷರ ಕಲಿಯಬೇಕಾಗಿಲ್ಲ, ಎಲ್ಲ ತಾನೇ ತಿಳಿಯುತ್ತದೆ ಅಂದುಕೊಂಡು ಬರೆಯುತ್ತಿದ್ದೇನೆ. ಎದುರಿಗಿದ್ದಾಗ ಬಾಯಿ ಬಿಡಲು ಧೈರ್ಯವಾಗಲಿಲ್ಲ.

ಶಾಲೆಯಲ್ಲಿ ನೂರರ ತನಕ ಎಣಿಸಲು ಕಲಿತ ದಿನ ಸಂಜೆ, ಹಟ್ಟಿಗೆ ಬರುತ್ತಿದ್ದ ನಮ್ಮ ಕುರಿಗಳನ್ನು ಬೆರಳು ಮಾಡಿ ಎಣಿಸತೊಡಗಿದ್ದೆ. ನೀನು ಓಡಿಬಂದು ನನ್ನ ಬಾಯಿ ಮುಚ್ಚಿದೆ. "ಏ ಹುಚ್ಚಿ, ಹಿಂಡು ಎಣಿಸಬಾರದವ್ವಾ! ಎಣಿಸಿದ್ದು ಕಮ್ಮಿ ಆಗ್ತದ. ಕಣ್ಣಾಗ ತುಂಬ್ಕೊ, ಬಾಯಾಗ ತರಬ್ಯಾಡ." ಯಾರು ಕೇಳಿದರೂ ನಿನ್ನದು ಒಂದೇ ಉತ್ತರ: "ಅದಾವ್ರೀ, ನಾಕೈದು." ನಮ್ಮೂರಿನ ಕುರಿಗಾರರೆಲ್ಲ ಹೇಳುವುದೂ ಅದನ್ನೇ. ಆದರೆ ಒಂದು ಮರಿ ತಪ್ಪಿದರೂ ನಿನಗೆ ಗೊತ್ತಾಗುತ್ತಿತ್ತು. ಹರಕಿವಿ ಬಂತು, ಕರಿಮೂತಿ ಬಂತು ಎಂದು ನೀನು ಹೆಸರು ಹಿಡಿದೇ ನೋಡುತ್ತಿದ್ದೆ. ತೋಳ ಒಯ್ದರೂ ಬೈಯುತ್ತಿರಲಿಲ್ಲ. "ಗುಡ್ಡ ಅದರದೂ ಅದ, ಅದರ ಪಾಲು ಅದು ಒಯ್ತು" ಎಂದು ಸುಮ್ಮನಾಗುತ್ತಿದ್ದೆ.

ದೇವದುರ್ಗದ ಆ ಸಭೆ ನಿನಗೆ ಮರೆತಿರಲಿಕ್ಕಿಲ್ಲ. ನಮ್ಮ ಗುಡ್ಡವನ್ನು ತೋಳಗಳಿಗಾಗಿ ಕಾಯ್ದಿಡಬೇಕು, ಅದನ್ನು ಹೇಗೆ ನೋಡಿಕೊಳ್ಳಬೇಕೆಂದು ಜನರೇ ಹೇಳಲಿ ಎಂದು ಕರೆದಿದ್ದರು. ಜನ ಹೇಳಿದ್ದನ್ನು ಬರೆದುಕೊಳ್ಳಲು ರಾಯಚೂರಿನ ನಮ್ಮ ಅರಣ್ಯ ಕಚೇರಿಯಿಂದ ನನ್ನನ್ನು ಕಳಿಸಿದ್ದರು. ಗುತ್ತಿಗೆ ಕೆಲಸ, ಆದರೂ ಕೊರಳಲ್ಲಿ ಐಡಿ ಕಾರ್ಡು, ಇಸ್ತ್ರಿ ಮಾಡಿದ ಚೂಡಿದಾರ. ಪಕ್ಕದಲ್ಲಿ ನನ್ನ ಜೊತೆಗೆ ಕೆಲಸ ಮಾಡುವ ಶಬಾನಾ. ಅವಳಿಗೆ ಕೆಲಸ ಸೇರಿದ ಮೊದಲ ದಿನವೇ ಹೇಳಿಬಿಟ್ಟಿದ್ದೆ: ನಮ್ಮದು ಮಾನ್ವಿ ಕಡೆ, ಕಾಲುವೆ ನೀರಿನ ಗದ್ದೆ, ನಮ್ಮಪ್ಪ ಭತ್ತ ಬೆಳೀತಾನೆ ಅಂತ. ಎಂಥ ಸುಳ್ಳು ನೋಡು! ನಮಗೆಲ್ಲಿಯ ಮಾನ್ವಿ, ಎಲ್ಲಿಯ ಗದ್ದೆ?

ಸರದಿಯಲ್ಲಿ ಮೊದಲು ನೀನೇ ಬಂದೆ, ಹೆಗಲ ಮೇಲೆ ಕಂಬಳಿ. ನನ್ನನ್ನು ನೋಡಿ ನಗಲು ಹೊರಟಿದ್ದೆ. ನಾನು ತಲೆ ತಗ್ಗಿಸಿದೆ. ಅಷ್ಟರಲ್ಲೇ ನಿನಗೆಲ್ಲ ತಿಳಿಯಿತು, ಅಲ್ಲವೇನಪ್ಪಾ? "ನಮಸ್ಕಾರ್ರೀ ಮೇಡಮ್ಮಾರ" ಎಂದೆ. ಹೆತ್ತ ಮಗಳಿಗೆ! ನನ್ನ ಸುಳ್ಳು ಉಳಿಯಲಿ ಎಂದು ನೀನು ಗುರುತೇ ಇಲ್ಲದವನಂತೆ ನಿಂತೆ. ಗುಡ್ಡದಲ್ಲಿ ನಿಮ್ಮ ಎಷ್ಟು ಕುರಿ ಮೇಯುತ್ತವೆ ಎಂದು ನಾನು ಹಾಳೆಯಲ್ಲಿದ್ದುದನ್ನು ಓದಿ ಕೇಳಿದೆ. "ಅದಾವ್ರೀ, ನಾಕೈದು." ಪೆನ್ನು ನನ್ನ ಕೈಯಲ್ಲೇ ಇತ್ತು. ಇದು ಲೆಕ್ಕವಲ್ಲ, ಇವರು ಕುರಿ ಎಣಿಸುವುದಿಲ್ಲ ಎಂದು ಒಂದು ಮಾತು ಸಭೆ ನಡೆಸುತ್ತಿದ್ದ ನಮ್ಮ ಸಾಹೇಬರಿಗೆ ಹೇಳಿದ್ದರೆ ಮುಗಿದಿತ್ತು. ಹೇಳಿದರೆ, ನಿನಗೆ ಹೇಗೆ ಗೊತ್ತೆಂದು ಶಬಾನಾ ಕೇಳುತ್ತಾಳಲ್ಲ. ಐದು ಎಂದು ಬರೆದೆ. ನಿನ್ನ ಹಿಂದೆ ಬಂದವರೆಲ್ಲರಿಗೂ ಐದು, ಐದು, ಐದು. ನನ್ನ ಕೈ ಸೇದಿಹೋಗಲಿ.

ಮುಂದಿನ ಭಾನುವಾರ ಊರಿಗೆ ಬಂದಾಗ ನೀನು ಬೈಯುತ್ತೀ ಎಂದು ಹೆದರಿದ್ದೆ. "ಆಪೀಸಿನ್ಯಾಗ ಹೊತ್ತಿಗೆ ಸರಿ ಉಣ್ತೀಯೇನವ್ವಾ?" ಎಂದು ಕೇಳಿ, ಸಜ್ಜಿ ರೊಟ್ಟಿ, ಗುರೆಳ್ಳು ಹಿಂಡಿ ಕಟ್ಟಿಕೊಟ್ಟೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ. ಆ ಚಳಿಗಾಲ ನೀನು ಎದೆನೋವು ಎಂದು ಮಲಗಿದವನು ಏಳಲಿಲ್ಲ.

ನಿನ್ನ ತಿಂಗಳ ಕಾರ್ಯ ಮುಗಿಸಿ ಕೆಲಸಕ್ಕೆ ಹೋದ ದಿನ, ಗುಡ್ಡದ ಯೋಜನೆಯ ಕರಡು ಟೈಪಿಗೆ ಬಂತು. ನನ್ನ ಮೇಜಿಗೇ ಬಂತು. "ಇಲ್ಲಿ ಮೇಯುವ ಕುರಿಗಳು ತೀರಾ ಕಡಿಮೆ ಇರುವುದರಿಂದ ಗುಡ್ಡವನ್ನು ಮೇಯಿಸುವಿಕೆಗೆ ಪೂರ್ಣವಾಗಿ ಮುಚ್ಚಬಹುದು." ನಾನು ಬರೆದ ಐದು ಊರಿನ ಗುಡ್ಡವನ್ನೇ ನುಂಗಿತ್ತು. ಆ ವಾರವೇ ಊರಿಗೆ ಹೋಗಿ, ಹಟ್ಟಿಯ ಬಾಗಿಲಲ್ಲಿ ನಿಂತು, ನೀನು ಬೇಡವೆಂದದ್ದನ್ನು ಮಾಡಿದೆ. ಎಣಿಸಿದೆ. ಬಾಯಲ್ಲಿ ತರಲಿಲ್ಲ.

ಮೊನ್ನೆ ರಾಯಚೂರಿನಲ್ಲಿ ಕೊನೆಯ ಸಭೆ. ಈಗ ನಿನ್ನ ಹಿಂಡು ಕಾಯುವ ಹನುಮಂತ ಕಾಕಾನೂ ಬಂದಿದ್ದ. ಎಷ್ಟು ಕುರಿ ಎಂದರೆ ಅವನೂ, "ಅದಾವ್ರೀ, ನಾಕೈದು."

"ಅಷ್ಟೇ ಇದ್ದರೆ ಗುಡ್ಡ ಮುಚ್ಚಿದರೆ ನಿಮಗೇನು ತೊಂದರೆ?" ಸಾಹೇಬರು ಕೇಳಿದರು.

"ತೊಂದರಿ ಅದ್ರೀ ಯಪ್ಪಾ... ಭಾಳ ಅದ..." ಕಾಕಾ ಹೆಗಲ ಟವೆಲ್ಲು ಹಿಂಡುತ್ತ ನನ್ನ ಕಡೆ ನೋಡಿದ.

ನಾನು ಎದ್ದು ನಿಂತೆ. "ಸರ, ಅವರು ಸುಳ್ಳು ಹೇಳಾಕತ್ತಿಲ್ರಿ. ನಮ್ಮಲ್ಲಿ ಹಿಂಡು ಎಣಿಸಂಗಿಲ್ಲ. ಐದಂತ ಬರದಾಕಿ ನಾನು. ಮೊದಲ ಹಾಳಿಯಾಗಿರೋದು ನಮ್ಮಪ್ಪನ ಹೆಸರು."

"ಮತ್ತೆ ಆವತ್ತೇ ಯಾಕಮ್ಮ ಹೇಳಲಿಲ್ಲ?"

"ನಾಚಿಕಿ ಆತ್ರೀ ಸರ. ನಮ್ಮಪ್ಪ ಕುರಿ ಕಾಯ್ತಾನಂತ ಹೇಳಾಕ ನಾಚಿಕಿ ಆತು."

ಇಡೀ ಸಭೆ ನನ್ನನ್ನು ನೋಡಿತು. ನಿಜವಾದ ಲೆಕ್ಕ ಹೇಳು ಎಂದರು ಸಾಹೇಬರು. ಎಲ್ಲರೆದುರು ನಿನ್ನ ಹಿಂಡಿನ ಲೆಕ್ಕ ಹೇಳಿದೆ. ಕಾಕಾ ಟವೆಲ್ಲಿನಿಂದ ಕಿವಿ ಮುಚ್ಚಿಕೊಂಡ. ಕೆಡುಕಾಗುವುದಿದ್ದರೆ ನನಗಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹೊರಗೆ ಶಬಾನಾ ಕೈ ಹಿಡಿದು ಎಳೆದಳು. "ಪಗಲೀ, ನನ್ ಮುಂದ್ಯಾಕ ಹೇಳಲಿಲ್ಲ ನೀ? ನಮ್ ಅಬ್ಬಾ ಸಂತಿಯಾಗ ಕುರಿ ಮಾರ್ತಾರ. ನಿಮ್ಮಪ್ಪ ಗುರ್ತು ಇರಬೇಕು ಅವರಿಗಿ!" ಯಾರ ಮುಂದೆ ಮುಚ್ಚಿಟ್ಟಿದ್ದೆನಪ್ಪಾ ನಾನು ನಿನ್ನನ್ನು?

ಗುಡ್ಡ ಮುಚ್ಚುವ ಮಾತು ಸದ್ಯಕ್ಕೆ ನಿಂತಿದೆ. ಸಾಹೇಬರೇ ಹಟ್ಟಿಗೆ ಬಂದು, ಎಲ್ಲರನ್ನೂ ಕೂಡಿಸಿ ಮತ್ತೆ ಕೇಳುತ್ತಾರಂತೆ. ನನ್ನ ಕೆಲಸ ಉಳಿಯುತ್ತದೋ ಹೋಗುತ್ತದೋ, ಗೊತ್ತಿಲ್ಲ. ಅವರು ಬಂದ ದಿನ ನಾನು ಮೇಜಿನ ಹಿಂದೆ ಕೂರುವುದಿಲ್ಲ, ಕಾಕಾನ ಪಕ್ಕದಲ್ಲಿ ಕೂರುತ್ತೇನೆ.

ನೀನು ಕಂಬಳಿಯಲ್ಲಿ ಸುತ್ತಿ ಬದುಕಿಸಿದ ಕುಂಟಿಮರಿ ಈ ಸಲ ಈದಿದೆ, ಅವಳಿ. ಸಭೆಯಲ್ಲಿ ಹೇಳಿದ ಲೆಕ್ಕವನ್ನು ನಿನಗೆ ಬರೆಯುವುದಿಲ್ಲ. ನೀನು ಕೇಳಿದರೆ ಇಷ್ಟೇ ಹೇಳುತ್ತೇನೆ: ಅದಾವ ಯಪ್ಪಾ, ನಾಕೈದು.