ಬೆರಳಿಗೆ ಮೂರು

ಒಂದನೇ ತರಗತಿಯ ಟೀಚರಮ್ಮನವರಿಗೆ, ಶಾಲೆ ಎದುರಿನ ದರ್ಜಿ ಮಾಡುವ ನಮಸ್ಕಾರ.

ಮಗಳಿಗೆ ಗುಂಡಿ ಎಣಿಸಲು ಕಲಿಸಿದವನು ನಾನು, ಬೆರಳ ಗೆಣ್ಣುಗಳ ಮೇಲೆ, ಬೆರಳಿಗೆ ಮೂರರಂತೆ. ಈಗ ಅವಳು, "ಅಪ್ಪಾ, ಅದು ತಪ್ಪು. ಬೆರಳಿಗೆ ಒಂದೇ ಅಂತೆ, ಟೀಚರ್ ಹೇಳಿದಾರೆ" ಅನ್ನುತ್ತಾಳೆ. ನಿನ್ನೆ ಹದಿಮೂರರಲ್ಲಿ ಐದು ಕಳೆಯುತ್ತಿದ್ದಳು. ನಾನು ಇಣುಕಿದರೆ ಸ್ಲೇಟನ್ನೇ ತಿರುಗಿಸಿಕೊಂಡಳು. ಊಟಕ್ಕೆ ಕೂತರೂ ನಿಮ್ಮದೇ ಜಪ. ಹೊಟ್ಟೆ ಉರಿಯುವುದಿಲ್ಲ ಎಂದರೆ ಸುಳ್ಳಾಗುತ್ತದೆ.

ಇದರ ಜೊತೆ ನೂರು ಗುಂಡಿಗಳನ್ನು ಹತ್ತತ್ತರಂತೆ ದಾರಕ್ಕೆ ಪೋಣಿಸಿ ಕಳಿಸಿದ್ದೇನೆ, ತರಗತಿಗೆ ಇಟ್ಟುಕೊಳ್ಳಿ. ನಿಮ್ಮ ಪದ್ಧತಿಯೇ ನಡೆಯಲಿ. ವಾರಕ್ಕೊಂದು ಲೆಕ್ಕ ಮಾತ್ರ, ನಿಮಗೆ ಬಂದರೂ ಬರುವುದಿಲ್ಲವೆಂದು ಹೇಳಿ, "ಅಪ್ಪನ್ನ ಕೇಳ್ಕೊಂಡು ಬಾ" ಎಂದು ಕಳಿಸಿ.

ಇಂತಿ,
ಅವಳ ಮೊದಲನೇ ಮೇಷ್ಟ್ರು