ಹಸಿರು ಪಟ್ಟಿಯ ಕುರ್ಚಿ

ಹಾಲ್ವರ್ ಫಾಲ್ಸ್, ಮಿನ್ನೆಸೋಟ
೨೮ ಜೂನ್ ೧೯೮೭, ಭಾನುವಾರ

ಪ್ರೀತಿಯ ಆರಿನ್,

‘ಪ್ರೀತಿಯ’ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ ಎಂದು ನಿನಗೂ ಗೊತ್ತಾಗಲಿ. ಆದರೂ ಈ ಕಾಗದವನ್ನು ಓದದೆ ಒಲೆಗೆ ಹಾಕಬೇಡ. ನೀನು ಹೋಗಿ ಕೂತಿರುವ ಆ ಮೀನು ಹಿಡಿಯುವ ಗುಡಿಸಲಿನಲ್ಲಿ ಒಂದು ಫೋನ್ ಇದ್ದಿದ್ದರೆ ನಾನು ಇಷ್ಟು ಅಕ್ಷರ ಗೀಚುತ್ತಿರಲಿಲ್ಲ.

ನನಗೆ ಬೇಕಾದದ್ದು ಇಷ್ಟೇ. ಗುರುವಾರ ಸಂಜೆಯೊಳಗೆ ನಮ್ಮ ಸಿಗ್ರಿಡ್‌ಳ ಕುರ್ಚಿ ತೆಗೆದುಕೊಂಡು ಮನೆಗೆ ಬಾ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಕುರ್ಚಿಯನ್ನು ಜಗಲಿಯ ಮೇಲೆ ಇಟ್ಟು ಹೋಗು, ನಾನು ಹೊರಗೆ ಬರುವುದಿಲ್ಲ. ಆದರೆ ಶನಿವಾರ, ಜುಲೈ ನಾಲ್ಕನೆಯ ತಾರೀಖು, ಸ್ವಾತಂತ್ರ್ಯ ದಿನದ ಮೆರವಣಿಗೆ ಬರುವಾಗ ಆ ಕುರ್ಚಿ ಹಾರ್ಡ್‌ವೇರ್ ಅಂಗಡಿಯ ಮುಂದೆ ಇರಲೇಬೇಕು.

ಊರಿನವರು ಆಗಲೇ ಮೆರವಣಿಗೆ ನೋಡಲು ರಸ್ತೆಯಂಚಿಗೆ ಇಡುವ ಕುರ್ಚಿಗಳ ಧೂಳು ಒರೆಸುತ್ತಿದ್ದಾರೆ. ನಿನ್ನೆ ವರ್ನಾ ಬೇಲಿಯ ಆಚೆ ನಿಂತು, ಈ ಸಲ ಎಷ್ಟು ಕುರ್ಚಿ ಹಾಕುತ್ತೀಯ ಎಂದು ಕೇಳಿದಳು. ನಾನು ಒಣಹಾಕಿದ ಬಟ್ಟೆ ತೆಗೆಯತೊಡಗಿದೆ. ಅವಳು ಬಿಡುವವಳೇ? “ನಿನ್ ಗಂಡ ಮೀನ್ ಹಿಡಿಯೋಕ್ ಹೋಗಿ ವರ್ಷ ಆಯ್ತಲ್ಲೇ, ಇನ್ನೂ ಒಂದ್ ಮೀನೂ ಸಿಗ್ಲಿಲ್ವಾ?” ಅಂದಳು. ನಾನೂ ನಕ್ಕೆ. ಒಳಗೆ ಬಂದು ಬಚ್ಚಲ ನಲ್ಲಿ ಬಿಟ್ಟುಕೊಂಡು ಅತ್ತೆ.

ನೀನಿಲ್ಲದೆ ಈ ಬೇಸಿಗೆಗೆ ರುಚಿಯೇ ಇಲ್ಲ. ಸ್ಟ್ರಾಬೆರಿ ಹಣ್ಣಾಗಿದೆ. ಕೈಯಿಂದ ತಿರುಗಿಸಿ ಐಸ್‌ಕ್ರೀಮ್ ಮಾಡುವ ಮರದ ಬಕೆಟ್ಟನ್ನು ಕೆಳಗಿಳಿಸಿದೆ, ಹಿಡಿಕೆ ತುಕ್ಕು ಹಿಡಿದಿದೆ. ಮಗಳು ಸಿಗ್ರಿಡ್ ಚಿಕ್ಕವಳಿದ್ದಾಗ ಅದರ ಮುಚ್ಚಳದ ಮೇಲೆ ಗೋಣಿ ಹಾಕಿಕೊಂಡು ಕೂರುತ್ತಿದ್ದದ್ದು, ನೀನು ಹಿಡಿಕೆ ತಿರುಗಿಸುತ್ತ ಬೇಕೆಂದೇ ಅವಳನ್ನು ಅಲುಗಾಡಿಸುತ್ತಿದ್ದದ್ದು, ತಳ ತಣ್ಣಗಾಗಿ ಹೋಯಿತು ಎಂದು ಅವಳು ಕಿರುಚುತ್ತಿದ್ದದ್ದು ಎಲ್ಲ ನೆನಪಾಯಿತು. ಬಾವಿಯ ತೊಟ್ಟಿಯಲ್ಲಿ ಕಲ್ಲಂಗಡಿ ತೇಲುತ್ತಿತ್ತು. ಕತ್ತಲಾದರೆ ಸುರುಸುರುಬತ್ತಿ ಹಿಡಿದು ಗಾಳಿಯಲ್ಲಿ ತನ್ನ ಹೆಸರು ಬರೆಯುತ್ತಿದ್ದಳು, ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಬತ್ತಿ ಮುಗಿದಿರುತ್ತಿತ್ತು. ನಮಗೆ ಅದಕ್ಕಿಂತ ಹೆಚ್ಚಿಗೆ ಏನೂ ಬೇಕಿರಲಿಲ್ಲ ಆರಿನ್.

ಐದು ವರ್ಷದ ಹಿಂದೆ ಊಟದ ಮೇಜಿನಲ್ಲಿ ಅವಳು ಮೆಚ್ಚಿದ ಆ ಹುಡುಗನ ವಿಷಯಕ್ಕೆ ಅಪ್ಪ ಮಗಳು ಇಬ್ಬರೂ ಜಗಳಕ್ಕೆ ಬಿದ್ದಿರಿ. “ಹೋಗೋದಾದ್ರೆ ಹೋಗು, ಬಾಗ್ಲು ಹಾಕ್ಕೊಂಡ್ ಹೋಗು” ಎಂದು ನೀನು ಅಂದೆ. ಅವಳು ಬಾಗಿಲು ಮೆತ್ತಗೆ ಹಾಕಿಕೊಂಡು ಹೋದಳು. ಬಡಿದಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಆಮೇಲೆ ನೀನು ಅವಳ ಹೆಸರೆತ್ತಲಿಲ್ಲ. ಆದರೆ ಪ್ರತಿ ಜುಲೈ ಬಂದಾಗಲೂ ನಮ್ಮ ಎರಡು ಕುರ್ಚಿಗಳ ಪಕ್ಕದಲ್ಲಿ, ನೀನೇ ಹಸಿರು ಪಟ್ಟಿ ಹೆಣೆದುಕೊಟ್ಟ ಅವಳ ಕುರ್ಚಿಯನ್ನೂ ಇಟ್ಟೆ. ಈ ಊರಿನಲ್ಲಿ ರಸ್ತೆಯಂಚಿಗೆ ಕುರ್ಚಿ ಇಟ್ಟರೆ ಅದರವರು ಬರುತ್ತಾರೆ ಎಂದೇ ಅರ್ಥ. ಎರಡು ದಿನ ಬಿಸಿಲಿನಲ್ಲಿ ಖಾಲಿ ಬಿದ್ದಿದ್ದರೂ ಯಾರೂ ಮುಟ್ಟುವುದಿಲ್ಲ. ನಿನ್ನ ಬಾಯಿಂದ ಬಾರದ ಮಾತನ್ನು ನೀನು ಹಾಗೆ ಹೇಳುತ್ತಿದ್ದೆ ಎಂದು ನನಗೆ ಗೊತ್ತಿತ್ತು.

ಗೊತ್ತಿದ್ದೂ ಹೋದ ವರ್ಷ ಆ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸಿದೆ. ಡೈರಿಗೆ ಹೊಸದಾಗಿ ಬಂದವನ ಹೆಂಡತಿ, ತುಂಬು ಬಸುರಿ, ಬಿಸಿಲಿನಲ್ಲಿ ನಿಂತು ಬಾಡಿಹೋಗಿದ್ದಳು. ಕೂತುಕೊಳ್ಳಮ್ಮ ಎಂದೆ. ನೀನು ಚರ್ಚಿನ ಗಾಡಿಯನ್ನು ಟ್ರಾಕ್ಟರಿನಲ್ಲಿ ಎಳೆದುಕೊಂಡು ಮೆರವಣಿಗೆಯ ಕೊನೆಯಲ್ಲಿ ಬಂದೆ, ನೋಡಿದೆ. ಮನೆಗೆ ಬಂದು ಒಂದೇ ಮಾತು ಅಂದೆ: “ಅವಳು ಬರಲ್ಲ ಅಂತ ನೀನೇ ತೀರ್ಮಾನ ಮಾಡ್ಬಿಟ್ಟೆ.” ನಾನು ಸುಮ್ಮನಿರಬೇಕಿತ್ತು. ಖಾಲಿ ಕುರ್ಚಿಗೆ ಇನ್ನೆಷ್ಟು ವರ್ಷ ಐಸ್‌ಕ್ರೀಮ್ ತಿನ್ನಿಸುತ್ತೀಯ ಎಂದು ಕೇಳಿದೆ. ನೀನು ಕುರ್ಚಿ ಮಡಚಿ ಲಾರಿಗೆ ಹಾಕಿಕೊಂಡು ಆ ಗುಡಿಸಲಿಗೆ ಹೋದೆ. ಹೆಂಡತಿಯನ್ನು ಬಿಟ್ಟು ಕುರ್ಚಿ ಕೊಂಡೊಯ್ದ ಗಂಡ ಈ ಜಿಲ್ಲೆಯಲ್ಲೇ ನೀನೊಬ್ಬ. ಮೂರು ಜನಕ್ಕೆಂದು ಮಾಡಿದ ಆಲೂಗಡ್ಡೆ ಸಲಾಡನ್ನು ನಾನೊಬ್ಬಳೇ ನಾಲ್ಕು ದಿನ ತಿಂದೆ.

ಈಗ ಕೇಳು. ಅವಳ ಜೊತೆ ಓದಿದ ಹುಡುಗಿಯೊಬ್ಬಳಿಂದ ವಿಳಾಸ ಸಿಕ್ಕಿತು. ಮೂರು ವಾರದ ಹಿಂದೆ ಸಿಗ್ರಿಡ್‌ಗೆ ಬರೆದೆ. ನಾಲ್ಕನೆಯ ತಾರೀಖು ಬಾ, ನಿನ್ನ ಕುರ್ಚಿ ಅದರ ಜಾಗದಲ್ಲೇ ಇರುತ್ತದೆ, ಅಪ್ಪನೇ ಇಟ್ಟಿರುತ್ತಾನೆ ಎಂದು ಬರೆದೆ. ಉತ್ತರ ಬಂದಿಲ್ಲ. ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಇಲ್ಲದ ಕುರ್ಚಿಯನ್ನು ಇದೆ ಎಂದು ಬರೆದು ಕೂತಿದ್ದೇನೆ. ಅಂಗಡಿಯಿಂದ ಬೇರೆ ತಂದು ಇಡಬಹುದು, ಆದರೆ ದೂರದಿಂದ ನೋಡಿದರೂ ಅವಳಿಗೆ ತನ್ನದು ಯಾವುದು, ಅಲ್ಲದ್ದು ಯಾವುದು ಎಂದು ಗೊತ್ತಾಗುತ್ತದೆ. ಈ ಸಲವೂ ತನ್ನ ಕುರ್ಚಿ ಖಾಲಿ ಕಾಣದಿದ್ದರೆ ಮುಗಿಯಿತು.

ನನ್ನನ್ನು ಕ್ಷಮಿಸಬೇಡ, ಬೇಕಾದರೆ. ಕುರ್ಚಿ ತಾ. ನಿನ್ನ ಕಾಲಿಗೆ ಬೀಳುತ್ತೇನೆ ಆರಿನ್, ಬಾ.

ನಿನ್ನ ದಾರಿ ನೋಡುತ್ತಿರುವ
ಮಾರ್ಲಿಸ್

ಮರೆತ ಮಾತು: ಮರೆತದ್ದಲ್ಲ, ಒಂದು ವರ್ಷದಿಂದ ಬಚ್ಚಿಟ್ಟದ್ದು. ‘ಈ ಸಲವೂ’ ಎಂದು ಯಾಕೆ ಬರೆದೆ ಎಂದು ನೀನು ಕೇಳಿಯೇ ಕೇಳುತ್ತೀಯ. ಹೋದ ವರ್ಷ ಅವಳು ಬಂದಿದ್ದಳು. ರಸ್ತೆಯ ಆಚೆ, ಹಿಟ್ಟಿನ ಗಿರಣಿಯ ಗೋಡೆಗೆ ಒರಗಿ ನಿಂತು, ಆ ಬಸುರಿ ಹೆಂಗಸು ಕೂತಿದ್ದ ಕುರ್ಚಿಯನ್ನೇ ನೋಡುತ್ತಿದ್ದಳು. ನಮ್ಮ ನಡುವೆ ಇಪ್ಪತ್ತು ಹೆಜ್ಜೆ. ಅಷ್ಟರಲ್ಲಿ ಮಾಜಿ ಸೈನಿಕರು ಧ್ವಜ ಹಿಡಿದು ಬಂದರು. ಎಲ್ಲರೂ ಎದ್ದು ಎದೆಯ ಮೇಲೆ ಕೈಯಿಟ್ಟು ನಿಂತರು. ಧ್ವಜದ ಮುಂದೆ ಅಡ್ಡ ಓಡುವುದು ಹೇಗೆ ಎಂದು ನಾನೂ ನಿಂತೆ. ಧ್ವಜ ದಾಟುವಷ್ಟರಲ್ಲಿ ಗೋಡೆ ಖಾಲಿಯಾಗಿತ್ತು. ಅವಳ ಕಂಕುಳಲ್ಲಿ ಒಂದು ಹೆಣ್ಣುಮಗು ಇತ್ತು ಆರಿನ್. ಅದರ ಪುಟ್ಟ ಕೈಯನ್ನು ಹಿಡಿದು ಅದರ ಎದೆಯ ಮೇಲೆ ಇಡುತ್ತಿದ್ದಳು. ಮಗು ಮತ್ತೆ ಮತ್ತೆ ಕೈ ಬಿಡಿಸಿಕೊಂಡು ನನ್ನ ಕಡೆಗೆ ಬೀಸುತ್ತಿತ್ತು. ನಾನು ಎದೆಯ ಮೇಲಿಟ್ಟ ಕೈ ಎತ್ತಲಿಲ್ಲ.